ಎಡಗೈ ಮೇಲಿನ ಮೂರಕ್ಷರ

ನಮ್ಮ ಮನೆಯವರು ನಮ್ಮದೇ ಬೇಕರಿಯಲ್ಲಿ ಹಿಟ್ಟು ನಾದುವವರು. ಮಾತು ಕಡಿಮೆ, ಕೆಲಸ ಜಾಸ್ತಿ. ಸುಳ್ಳಂತೂ ಬಾಯಿಗೇ ಬರುವುದಿಲ್ಲ. ಬನ್ನು ನಿನ್ನೆಯದಾದರೆ ಗಿರಾಕಿ ಕೇಳುವ ಮೊದಲೇ "ನಿನ್ನೇದು" ಅಂದುಬಿಡುತ್ತಾರೆ. ಗಲ್ಲಾದಲ್ಲಿ ಕೂತ ನಾನು ಹಲ್ಲು ಕಡಿಯುತ್ತೇನೆ. ಇಂಥ ಮನುಷ್ಯನ ಎಡಗೈಯಲ್ಲಿ, ಮಣಿಕಟ್ಟಿನಿಂದ ತುಸು ಮೇಲೆ, ಮೂರಕ್ಷರದ ಹೆಸರೊಂದಿತ್ತು. ನನ್ನದಲ್ಲ.

ಹರೆಯದಲ್ಲಿ ಇವರು ಕೆಲಸಕ್ಕಿದ್ದ ಬೇಕರಿಯ ಎದುರಿಗೆ ಹೊಲಿಗೆ ಅಂಗಡಿ, ಅಲ್ಲಿ ಅವಳು. ಇವರು ಹೆಸರು ಚುಚ್ಚಿಸಿಕೊಂಡರು, ಅವಳು ಇನ್ನೊಬ್ಬನನ್ನು ಮದುವೆಯಾಗಿ ಹೋದಳು. ನನ್ನನ್ನು ನೋಡಲು ಬಂದ ದಿನವೇ ತೋಳು ಮಡಚಿ ತೋರಿಸಿ, "ಇದು ಮುಗಿದ ಕತೆ" ಎಂದಿದ್ದರು. ನಾನೂ ತಲೆಯಾಡಿಸಿದ್ದೆ. ಕತೆ ಮುಗಿದಿರಬಹುದು, ಅಕ್ಷರ ಉಳಿದಿತ್ತಲ್ಲ.

ಡಾಕ್ಟರು ಸೂಜಿ ಹಿಡಿದರೆ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಳ್ಳುವ ಮನುಷ್ಯ ಇವರು. ಅವಳಿಗಾಗಿ ಮಾತ್ರ ಅಷ್ಟು ಹೊತ್ತು ಚುಚ್ಚಿಸಿಕೊಂಡು ಕೂತಿದ್ದರು. ಅದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಕೈಗೆ ಹಿಟ್ಟು ಮೆತ್ತಿಕೊಂಡಿದ್ದಷ್ಟು ಹೊತ್ತು ನೆಮ್ಮದಿ; ನಲ್ಲಿಯಡಿ ತೊಳೆದರೆಂದರೆ ಅವಳು ಮತ್ತೆ ಎದ್ದು ಬರುತ್ತಿದ್ದಳು.

ಪಕ್ಕದ ರಸ್ತೆಯಲ್ಲಿ ಹಚ್ಚೆ ಹಾಕುವವಳೊಬ್ಬಳು ಅಂಗಡಿ ತೆರೆದಳು. ಹಳೆಯ ಹಚ್ಚೆಯನ್ನು ಹೊಸದರಿಂದ ಮುಚ್ಚಿದ ಫೋಟೋಗಳು ಗಾಜಿನ ಬಾಗಿಲ ತುಂಬ. ಇವರನ್ನು ಎಳೆದುಕೊಂಡೇ ಹೋದೆ. ಹಚ್ಚೆಯವಳು ಇವರ ತೋಳನ್ನು ದೀಪದಡಿ ಹಿಡಿದು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದಳು. ಅಷ್ಟು ನೋಡುವುದೇನಿತ್ತೋ.

"ಅಕ್ಕಾ, ಮುಚ್ಚೋದು ಅಂದ್ರೆ ಅಳಿಸೋದಲ್ಲ. ಹಳೇದಕ್ಕಿಂತ ಕಪ್ಪಗೆ, ತುಂಬಾ ದೊಡ್ಡದಾಗಿ ಹಾಕಬೇಕು. ಇಲ್ಲಾಂದ್ರೆ ಕೆಳಗಿಂದು ಇಣುಕುತ್ತೆ. ಲೇಸರ್ ಮಾಡಿಸಿ ಇನ್ನಷ್ಟು ಮಂಕಾಗಿಸಿಕೊಂಡು ಬಂದ್ರೆ ಚಿಕ್ಕ ಚಿತ್ರ ಸಾಕು."

"ಅಷ್ಟೆಲ್ಲ ಕಾಯೋಕಾಗಲ್ಲ. ಅದರ ಮೇಲೆ ನನ್ನ ಹೆಸರು ಬರೆದುಬಿಡಿ."

ಅವಳು ನಕ್ಕಳು. "ಹೆಸರಿಂದ ಹೆಸರು ಮುಚ್ಚಲ್ಲ ಅಕ್ಕಾ, ಎರಡೂ ಸೇರಿ ಗೋಜಲಾಗುತ್ತೆ. ಹೆಸರು ಹಾಕಿಸ್ಕೊಳ್ಳೋಕೆ ಬರೋರಿಗೆ ನಾನು ಒಂದು ವರ್ಷ ಯೋಚನೆ ಮಾಡಿ ಅಂತೀನಿ. ಮುಚ್ಚಿಸ್ಕೊಳ್ಳೋರಿಗೂ ಅದೇ ಮಾತು. ಇದಂತೂ ಮಾಸಿಹೋಗಿದೆ, ಈಗ ಯಾರಿಗೂ ಓದೋಕೇ ಆಗಲ್ಲ."

"ನನಗಾಗುತ್ತೆ" ಎಂದೆ.

"ಅಣ್ಣಾ, ಕೈ ನಿಮ್ಮದು. ನೀವೇನಂತೀರಿ?"

ಇವರು ನನ್ನ ಮುಖ ನೋಡಿದರು. "ಇವಳಿಗೆ ಸಮಾಧಾನ ಆಗೋ ಹಾಗೆ ಮಾಡಿ."

ಮಣಿಕಟ್ಟಿನಿಂದ ಮೊಣಕೈವರೆಗೆ ರೆಕ್ಕೆ ಬಿಚ್ಚಿದ ಗಿಡುಗ ಬಂತು. ಮೂರೂ ಅಕ್ಷರಗಳು ರೆಕ್ಕೆಯ ಕಪ್ಪಿನಲ್ಲಿ ಮುಳುಗಿಹೋದವು. ಗಾಯ ಒಣಗುವವರೆಗೆ ಇವರು ಹಿಟ್ಟು ಮುಟ್ಟುವಂತಿರಲಿಲ್ಲ, ನಾನೇ ನಾದಿದೆ. ರಟ್ಟೆ ಬಿದ್ದುಹೋದರೂ ಅಷ್ಟು ಹಗುರವಾಗಿ ನಾನೆಂದೂ ಇದ್ದದ್ದಿಲ್ಲ.

ಇವರು ಕೆಲಸಕ್ಕೆ ಮರಳಿದ ದಿನವೇ ಪೇಪರಿನವನು ಕಣ್ಣರಳಿಸಿದ. "ಏನಣ್ಣಾ, ಈ ವಯಸ್ಸಲ್ಲಿ ಗಿಡುಗ?"

"ಹಳೇ ಹೆಸರೊಂದಿತ್ತು, ಮುಚ್ಚಿಸಿದೆ."

"ಯಾರ ಹೆಸರು?"

ಇವರು ಹೇಳಿದರು. ಆ ಹೆಸರು ಇವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಹಾಲಿನವನು, ಎದುರುಮನೆ ಟೀಚರು, ಬ್ರೆಡ್ಡಿಗೆ ಬಂದವರು, ರಸ್ಕಿಗೆ ಬಂದವರು. ಇಷ್ಟು ವರ್ಷ ಆ ಮಾಸಿದ ಗುರುತನ್ನು ಒಬ್ಬರೂ ಕಣ್ಣೆತ್ತಿ ನೋಡಿರಲಿಲ್ಲ. ಈಗ ಎಲ್ಲರಿಗೂ ಗಿಡುಗ ಬೇಕು, ಗಿಡುಗದ ಹಿಂದೆಯೇ ಅವಳು ಬೇಕು.

"ರೀ, ಗಿಡುಗ ಅಂದ್ರೆ ಇಷ್ಟ ಅಂತ ಹೇಳಿ ಕಳಿಸಬಾರದಾ?"

"ಇಷ್ಟ ಇಲ್ವಲ್ಲ." ಇವರು ಟ್ರೇ ಒರೆಸುತ್ತಲೇ ಅಂದರು, "ನಿಜ ಹೇಳಲಾ? ನಾನದನ್ನ ಮರೆತೇಬಿಟ್ಟಿದ್ದೆ. ಏನೋ ಕಲೆ ಅಂತ ಬಿಟ್ಟಿದ್ದೆ. ಈಗ ದಿನಾ ನೆನಪಾಗುತ್ತೆ."

ಹಚ್ಚೆಯವಳನ್ನು ಬೈದುಕೊಂಡೆ, ಇವರನ್ನು ಬೈದೆ, ಪೇಪರು ಹಾಕಿಸುವುದನ್ನೂ ನಿಲ್ಲಿಸಿದೆ.

ಶಾಲೆ ಬಿಟ್ಟಮೇಲೆ ನಮ್ಮ ಮಗಳು ಅಂಗಡಿಯಲ್ಲೇ ಕೂರುತ್ತಾಳೆ. ಇದನ್ನೆಲ್ಲ ಕೇಳಿ ಕೇಳಿ ಆ ಹೆಸರು ಅವಳಿಗೆ ಬಹಳ ಹಿಡಿಸಿತು. ತನ್ನ ಬಟ್ಟೆಯ ಗೊಂಬೆಗೆ ಅದನ್ನೇ ಇಟ್ಟಳು. ಗದರಿದರೆ, "ಚೆನ್ನಾಗಿದೆಯಲ್ಲಮ್ಮಾ, ಅಪ್ಪನೂ ಚೆನ್ನಾಗಿದೆ ಅಂದ್ರು" ಎನ್ನುತ್ತಾಳೆ. ಗೊಂಬೆಗೆ ಜಡೆ ಹಾಕುವ ಕೆಲಸ ನನಗೇ ಬಂದಿದೆ. ಮಗಳು ನಿದ್ದೆ ಹೋಗಬೇಕಾದರೆ ಅದೂ ಪಕ್ಕದಲ್ಲಿರಬೇಕು, ಹಾಗಾಗಿ ಈಗ ಆ ಹೆಸರಿನವಳು ನಮ್ಮ ಹಾಸಿಗೆಯಲ್ಲೇ, ನನಗೂ ಇವರಿಗೂ ನಡುವೆ ಮಲಗುತ್ತಾಳೆ.