ಮುದ್ದೆಯೊಳಗಿನ ಮಾತ್ರೆ

ಮುದ್ದೆ ಬಿಟ್ಟು ಬೇರೇನನ್ನೂ ನಾನು ನೆಮ್ಮದಿಯಿಂದ ತಿಂದವನಲ್ಲ. ಪಲ್ಯದಲ್ಲಿ ಯಾವಾಗ ಏನು ಹಲ್ಲಿಗೆ ಸಿಗುತ್ತದೋ ಹೇಳಲಾಗದು. ಮುದ್ದೆಯಲ್ಲಿ ಆ ತಂಟೆಯಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದರೆ ಮುಗಿಯಿತು. ರಾಮಮೂರ್ತಿ ನಗರದ ನಮ್ಮ ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಾಡಿಗೆ ಮನೆಗಳಾದ ಮೇಲೂ ಅಮ್ಮ ಎರಡು ಹೊತ್ತೂ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಂಜೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಹಾರನ್ನುಗಳ ಗದ್ದಲ ತಾಳಲಾರದೆ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ಕೂಗಿದೆನಂತೆ ಕೂಡ. ಮೀಸೆ ಬಂದ ಗಂಡಸು ರಸ್ತೆಯಲ್ಲಿ ಕೂತು ಕೂಗಿದರೆ ಜನ ಇನ್ನೇನು ಅಂದುಕೊಳ್ಳುತ್ತಾರೆ? ಮನೆಯವರು ಹಲಸೂರಿನ ಒಬ್ಬ ಡಾಕ್ಟರ ಬಳಿ ಕರೆದೊಯ್ದರು. ನಾನು ಅವರ ಮುಖ ನೋಡಲಿಲ್ಲ, ಕೇಳಿದ್ದಕ್ಕೆಲ್ಲ ತಡವಾಗಿ ಉತ್ತರಿಸಿದೆ. ಬುದ್ಧಿಭ್ರಮಣೆ ಎಂದು ತೀರ್ಮಾನಿಸಿ ಮಾತ್ರೆ ಬರೆದರು. ಆಟಿಸಂ ಎಂಬ ಮಾತು ನಮ್ಮ ಕಿವಿಗೆ ಇನ್ನೂ ಬಿದ್ದಿರಲಿಲ್ಲ.

ಮಾತ್ರೆಯಿಂದ ನಾಲಗೆ ಒಣಗಿತು, ಕೈ ನಡುಗಿತು. ಕೆ.ಆರ್. ಪುರದ ಒಂದು ಶೆಡ್ಡಿನಲ್ಲಿ ಬೋಲ್ಟುಗಳ ಅಳತೆ ನೋಡುವ ಕೆಲಸ ನನ್ನದು. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ" ಎಂದು ಮಾಲೀಕರು ಮನೆಗೆ ಕಳಿಸಿದರು. ಬೇಸರವೂ ಆಗಲಿಲ್ಲ. ಮನಸ್ಸಿಗೆ ಏನೂ ಆಗುತ್ತಿರಲಿಲ್ಲ, ತೊಂದರೆಯೇ ಅದು. ಇನ್ನು ಮಾತ್ರೆ ನುಂಗುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳು ಒತ್ತಾಯ ಮಾಡಲಿಲ್ಲ. ಆದರೂ ಕೈ ನಡುಗುತ್ತಲೇ ಇತ್ತು.

ಒಂದು ಮಧ್ಯಾಹ್ನ ಒಣಗಿದ ಗಂಟಲಲ್ಲಿ ತುತ್ತು ಇಳಿಯಲಿಲ್ಲವೆಂದು ಮುದ್ದೆಯನ್ನು ಚಿಕ್ಕಚಿಕ್ಕದಾಗಿ ಮುರಿದೆ. ಒಳಗೆ ಬಿಳಿ ಮಾತ್ರೆ ಕೂತಿತ್ತು.

"ಇದೇನು?" ಎಂದೆ.

"ಇನ್ನೇನ್ ಮಾಡ್ಲಿ? ರೋಡಲ್ಲಿ ನೀನ್ ಹಂಗೆ ಕೂತಿದ್ದೆ ಅಂತ ಜನ ಅಂದಾಗ ಎದೆ ಒಡ್ದೋಯ್ತು ಕಣಪ್ಪ. ನಾನ್ ಸತ್ರೆ ನಿನ್ನ ಯಾರ್ ನೋಡ್ಕೋತಾರೆ?" ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇನ್ಮೇಲೆ ಹಾಕಲ್ಲ. ನನ್ನ ನಂಬ್ತೀಯ ತಾನೆ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಇಲ್ಲ" ಎಂದೆ.

ಅವಳು ಅತ್ತಳು. ನಾನು ನೋಡುತ್ತಾ ಕೂತೆ. ಎದೆಯೊಳಗೆ ಒದ್ದೆ ಗೋಣಿಚೀಲ ತುರುಕಿದ ಹಾಗಿತ್ತು. ನನಗೂ ಅಳು ಬರಬೇಕಿತ್ತು ಎಂದು ಗೊತ್ತಿತ್ತು, ಬರಲಿಲ್ಲ.

ಆಮೇಲೆ ಅವಳ ಕೈಯ ಮುದ್ದೆ ನನಗೆ ಸೇರಲಿಲ್ಲ. ನನ್ನೆದುರೇ ಒಡೆದು ತೋರಿಸಿದಳು, ಮೊದಲ ತುತ್ತು ತಾನೇ ತಿಂದಳು. ಊಹೂಂ. ಬ್ರೆಡ್ಡು, ಬಾಳೆಹಣ್ಣಿನಲ್ಲಿ ದಿನ ದೂಡಿ ಕಡ್ಡಿಯಾದೆ. ಗಾಬರಿಯಾದ ಅಕ್ಕ ಇಂದಿರಾನಗರದ ಇನ್ನೊಬ್ಬ ಡಾಕ್ಟರ ಬಳಿ ಕರೆದೊಯ್ದಳು. ಆ ಡಾಕ್ಟರಮ್ಮ ನನ್ನ ಬಾಲ್ಯದ ಬಗ್ಗೆ ಅಮ್ಮನನ್ನು ಬಹಳ ಹೊತ್ತು ಕೇಳಿ, ಇದು ಹುಚ್ಚಲ್ಲ, ಆಟಿಸಂ ಎಂದರು. ಹಳೆಯ ಮಾತ್ರೆ ಇನ್ನು ಬೇಡವೇ ಬೇಡ ಎಂದು ಹೇಳಿ, ಗಾಬರಿಗೆಂದು ಬೇರೊಂದನ್ನು ಕೊಟ್ಟರು. ಅದನ್ನು ನಾನೇ ಎಣಿಸಿ ತೆಗೆದು ನುಂಗತೊಡಗಿದೆ. ಕೈ ನಡುಕ ನಿಂತಿತು. ಅಮ್ಮನ ಮುದ್ದೆ ಮಾತ್ರ ಆಗಲೂ ಇಳಿಯಲಿಲ್ಲ.

ಕೊನೆಗೆ ಕೋಲು ನಾನೇ ಹಿಡಿದೆ. ಹಿಟ್ಟು ಗಂಟುಗಂಟಾಯಿತು, ತಳ ಸೀದಿತು. ನನಗೊಂದು ಕಟ್ಟಿಕೊಂಡು, ಅಮ್ಮನ ತಟ್ಟೆಗೂ ಒಂದು ಹಾಕಿದೆ.

"ಇದೇನ್ ಮುದ್ದೆನೋ, ಕಲ್ಗುಂಡೋ" ಎಂದಳು.

ಆಮೇಲೆ ದೊಡ್ಡದೊಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನನ್ನ ಮುಖವನ್ನೇ ನೋಡುತ್ತಾ ನುಂಗಿದಳು. ಒಳಗೇನಿದೆ ಎಂದು ಒಮ್ಮೆಯೂ ನೋಡಲಿಲ್ಲ.