ಮೂರು ಊರಿನ ಬದನೆಕಾಯಿ

ನನ್ನ ಹೆಂಡತಿ ಕೇಳಿದ್ದು ಒಂದೇ ಒಂದು ಫೋಟೋ. ಮೊಬೈಲಿನಲ್ಲಿದ್ದ ಅವಳ ತಂಗಿಯ ಫೋಟೋವನ್ನು ಕಾಗದದ ಮೇಲೆ ದೊಡ್ಡದಾಗಿ ಹಾಕಿಸಿಕೊಡಬೇಕು, ಅಷ್ಟೇ. ಅದನ್ನು ಹಾಕಿಸಲು ನಾನು ಎರಡು ತಿಂಗಳು ತೆಗೆದುಕೊಂಡೆ. ಯಾಕೆ ಅಷ್ಟು ದಿನ ಬೇಕಾಯಿತು ಎಂಬುದನ್ನು ಕ್ರಮವಾಗಿ ಬರೆದಿಡುತ್ತೇನೆ.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಗಿತ್ತು. ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿನ ಒಳಪದರದಲ್ಲಿ ರಕ್ತನಾಳಗಳು ದುರ್ಬಲವಾಗಿವೆ ಎಂದು ಗೋಕಾಕದ ಕಣ್ಣಿನ ಡಾಕ್ಟರು ಹೇಳಿದ್ದರು. ಎಷ್ಟು ದಿನ ಕಾಣುತ್ತದೆ ಎಂದು ನಾನು ಕೇಳಿದಾಗ ಅವರು, "ವರ್ಷಾನೂ ಆಗಬಹುದು, ತಿಂಗಳಾನೂ ಆಗಬಹುದು, ಹೇಳಾಕ ಬರೂದಿಲ್ರಿ," ಅಂದರು. ನಾನು ಡೈರಿಯಲ್ಲಿ "ವರ್ಷ" ಎಂದು ಬರೆದುಕೊಂಡೆ.

ಅವಳ ತಂಗಿ ಹೋದ ವರ್ಷ ಹುಕ್ಕೇರಿಯಲ್ಲಿ ತೀರಿಕೊಂಡಳು. ಆ ವಾರವೇ ಇವಳ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಕಟ್ಟಿದ್ದರು. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದ ತಂಗಿಯ ಮುಖವನ್ನು ಇವಳು ಕೈಯಿಂದ ಸವರಿದಳು. ನೋಡಲಿಲ್ಲ. ಪಟ್ಟಿ ಬಿಚ್ಚುವ ಹೊತ್ತಿಗೆ ಮಣ್ಣು ಮಾಡಿ ಎಂಟು ದಿನವಾಗಿತ್ತು.

ತಂಗಿಯ ಒಂದು ಫೋಟೋ ಮಾತ್ರ ನಮ್ಮಲ್ಲಿ ಉಳಿದಿತ್ತು. ಎಲ್ಲರೂ ಕೂಡಿ ಧುಪದಾಳದಲ್ಲಿ ಹೊಳೆಗೆ ಕಟ್ಟಿದ ಒಡ್ಡು ನೋಡಲು ಹೋದಾಗ ಸೊಸೆ ತೆಗೆದದ್ದು. ತಂಗಿ ನೀರಿನ ಕಡೆ ಬೆನ್ನು ಮಾಡಿ ನಿಂತಿದ್ದಾಳೆ, ಕೈ ಬಾಯಿಯ ಮೇಲಿದೆ. ಉಳಿದ ಫೋಟೋಗಳು ಇಲ್ಲದಿರುವುದಕ್ಕೂ ನಾನೇ ಕಾರಣ. ಪ್ರತಿ ಶನಿವಾರ ಮುಂಜಾನೆ ಮೊಬೈಲ್ ಸ್ವಚ್ಛ ಮಾಡುವುದು ನನ್ನ ನಿಯಮ. ಅಲುಗಾಡಿದ್ದು, ಮಸುಕಾದದ್ದು, ಕಣ್ಣು ಮುಚ್ಚಿದ್ದು ಎಲ್ಲ ತೆಗೆದುಹಾಕುತ್ತಿದ್ದೆ. ಇದೊಂದು ಸೊಸೆಯ ಮೊಬೈಲಿನಲ್ಲಿ ಇದ್ದದ್ದರಿಂದ ಉಳಿಯಿತು. ಆಮೇಲೆ ಅವಳಿಂದ ಅದನ್ನು ನನ್ನ ಮೊಬೈಲಿಗೂ ಹಾಕಿಸಿಕೊಂಡೆ.

ಮೊಬೈಲಿನಲ್ಲಿ ಅವಳಿಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಪರದೆಯ ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು. ಹತ್ತಿರ ತಂದರೆ ಬೆರಳು ತಾಗಿ ಚಿತ್ರ ಸರಿದುಹೋಗುತ್ತಿತ್ತು. ಒಂದು ದಿನ ಮೊಬೈಲನ್ನು ನನ್ನ ಮುಂದಿಟ್ಟು, "ಇದು ಕೈಯಾಗ ನಿಂದ್ರೂದಿಲ್ರಿ. ಕಾಗದದ ಮ್ಯಾಲ ಹಾಕಸ್ರಿ. ಕಣ್ಣ ಕಾಣೂದ್ರಾಗ ಒಮ್ಮಿ ಅಕೀ ಮಾರಿ ನೋಡ್ತೇನಿ," ಅಂದಳು.

"ಹಾಕಸೂಣು. ಆದ್ರ ಛಲೋ ಕಡೆ ಹಾಕಸಬೇಕು," ಅಂದೆ ನಾನು.

ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೂಲಿನ ಗಿರಣಿಯಲ್ಲಿ ಮಾಲು ಪರೀಕ್ಷೆ ಮಾಡಿದವನು. ಕಪ್ಪು ಹಲಗೆಗೆ ನೂಲು ಸುತ್ತಿ, ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಗಂಟು ಎಂದು ನೋಡಿ ಪಾಸ್ ಅಥವಾ ಫೇಲ್ ಎಂದು ಬರೆಯುವುದು ನನ್ನ ಕೆಲಸ. ಮೊದಲು ಸ್ಯಾಂಪಲ್, ಆಮೇಲೆ ಮಾಲು. ಸ್ಯಾಂಪಲ್ ಪಾಸಾಗದೆ ಒಂದು ಮೂಟೆಯೂ ಹೊರಗೆ ಹೋಗುತ್ತಿರಲಿಲ್ಲ. ಗಿರಣಿಯ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡ ಮೈ ಇದು. ನಿವೃತ್ತನಾಗಿ ಮೂಡಲಗಿಗೆ ಬಂದ ಮೇಲೂ ಐದಕ್ಕೆ ಎದ್ದು, ಏಳಕ್ಕೆ ಪೂಜೆ ಮುಗಿಸಿ, ಎಂಟಕ್ಕೆ ರೊಟ್ಟಿ ತಿನ್ನುತ್ತೇನೆ. ಪರ ಊರಿನ ಕೆಲಸವೆಲ್ಲ ಸೋಮವಾರ.

ಹಾಗಾಗಿ ಫೋಟೋ ಹಾಕಿಸುವುದಕ್ಕೂ ಅದೇ ನಿಯಮ ಹಿಡಿದೆ. ಮೂರು ಕಡೆ ಸ್ಯಾಂಪಲ್ ತೆಗೆಸಬೇಕು, ಪಕ್ಕಪಕ್ಕ ಇಟ್ಟು ನೋಡಬೇಕು, ಒಂದನ್ನು ಆರಿಸಬೇಕು. ಸ್ಯಾಂಪಲ್ಲಿಗೆ ತಂಗಿಯ ಫೋಟೋ ಕೊಡುವುದು ನನಗೆ ಸರಿ ಕಾಣಲಿಲ್ಲ. ಆ ಫೋಟೋವೇ ತುಸು ಅಲುಗಾಡಿತ್ತು. ತಪ್ಪು ಕಂಡರೆ ಅದು ಫೋಟೋದ್ದೋ ಅಂಗಡಿಯವನದ್ದೋ ತಿಳಿಯುವುದಿಲ್ಲ. ಪರೀಕ್ಷೆಗೆ ಎಲ್ಲ ಬಣ್ಣ ಇರುವ, ಸ್ಪಷ್ಟವಾದ ಚಿತ್ರ ಬೇಕು. ಅದಕ್ಕೆ ಮೂಡಲಗಿಯ ಸಂತೆಗೆ ಹೋಗಿ, ಕಾಯಿಪಲ್ಲೆ ಮಾರುವವಳ ಮುಂದೆ ನಿಂತು ಒಂದು ಫೋಟೋ ತೆಗೆದೆ. ಟೊಮೆಟೊ ಕೆಂಪು, ಮೆಣಸಿನಕಾಯಿ ಹಸಿರು, ಮೂಲಂಗಿ ಬಿಳಿ, ಬದನೆಕಾಯಿ ಕಪ್ಪು ನೇರಳೆ. ಒಂದು ಅಂಚಿನಲ್ಲಿ ಮಾರುವವಳ ತಕ್ಕಡಿ ಹಿಡಿದ ಕೈ.

ಸೊಸೆ ಇಲ್ಲಿಯ ಸಾಲೆಯಲ್ಲಿ ಟೀಚರು. ಬಾಯಿ ಚುರುಕು. "ಮಾವಾರ, ಇದು ಫೋಟೋ ಐತ್ರಿ, ನೂಲಿನ ಲಾಟ್ ಅಲ್ಲ," ಅಂದಳು. "ಮೊಬೈಲ್‌ನ್ಯಾಗ ಆರ್ಡರ್ ಮಾಡಿದ್ರ ನಾಕ ದಿನದಾಗ ಮನೀಗೆ ಬರ್ತೈತಿ."

"ಕಾಗದ ಮುಟ್ಟಿ ನೋಡದ ಆರ್ಡರ್ ಮಾಡೂದಽ?"

"ಸೀರಿ ತರಸ್ತೇನಿ, ಚಪ್ಪಲ್ ತರಸ್ತೇನಿ. ಯಾವುದೂ ಮುಟ್ಟಿ ನೋಡಿಲ್ಲ ನಾ."

"ನಿನ್ನ ಚಪ್ಪಲ್ ಎರಡ ಸಲ ಹೊಳ್ಳಿ ಹೋದ್ವು. ನನಗ ಗೊತ್ತೈತಿ," ಅಂದೆ. ಹೆಂಡತಿ ಅಡುಗೆಮನೆಯಿಂದ ನಕ್ಕಳು. ಅಂದು ಗೆದ್ದೆ ಅಂದುಕೊಂಡೆ.

ಮೊದಲ ಸ್ಯಾಂಪಲ್ ಮೂಡಲಗಿಯದು. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋ. ಅಪ್ಪನ ಕಾಲದಿಂದ ಫೋಟೋದ ಕೆಲಸ ಮಾಡಿಕೊಂಡು ಬಂದ ಮುಸಲ್ಮಾನ ಸಾಹೇಬರ ಮನೆತನದವನು ಅದರ ಮಾಲೀಕ. ಕೇಬಲ್ ಹಚ್ಚಿ ಫೋಟೋ ಇಳಿಸಿಕೊಂಡು ಪರದೆಯ ಮೇಲೆ ನೋಡಿದವನೇ ನನ್ನ ಕಡೆ ತಿರುಗಿದ.

"ಕಾಕಾ, ಏನ್ರಿ ಇದು? ಬದನಿಕಾಯಿಗೆ ಫ್ರೇಮ್ ಹಾಕಿಸಿ ಹಾರ ಹಾಕಾವ್ರೇನ?"

"ಸ್ಯಾಂಪಲ್ ಅದು. ಅಸಲಿ ಫೋಟೋ ಆಮ್ಯಾಲ ಕೊಡ್ತೇನಿ."

"ಅಸಲಿ ಯಾರದ್ರಿ?"

"ತೀರಿಕೊಂಡವರದು."

ಅವನ ನಗೆ ನಿಂತಿತು. "ಮೊದಲಽ ಹೇಳಬೇಕಿಲ್ರಿ. ಈಗ ಕೊಡ್ರಿ, ಹತ್ತ ಮಿನಿಟಿನ್ಯಾಗ ಮಾಡಿ ಕೊಡ್ತೇನಿ. ಮಾರಿ ಬೆಳ್ಳಗ ಮಾಡಿ, ರೇಶ್ಮಿ ಸೀರಿ ಉಡಿಸಿ, ಹಿಂದ ಛಲೋ ಬ್ಯಾಕ್‌ಗ್ರೌಂಡ್ ಹಾಕಿ..."

"ಬ್ಯಾಡ. ಇದ್ದಂಗ ಬೇಕು," ಅಂದೆ. ಅಸಲಿ ಫೋಟೋ ಅವನು ಕೇಬಲ್ ಹಚ್ಚಿದ್ದ ನನ್ನ ಮೊಬೈಲಿನಲ್ಲೇ ಇತ್ತು. ಕೊಡಲಿಲ್ಲ.

ಹತ್ತು ನಿಮಿಷದಲ್ಲಿ ಬದನೆಕಾಯಿ ಬಂತು. ಕಾಗದ ಕನ್ನಡಿಯಂತೆ ಹೊಳೆಯುತ್ತಿತ್ತು, ಕೆಂಪು ಹೆಚ್ಚಾಗಿ ಮೂಲಂಗಿಯೂ ನಸುಗೆಂಪಾಗಿತ್ತು. ಮನೆಯಲ್ಲಿ ಹೆಂಡತಿ ಅದನ್ನು ಬಲಗಣ್ಣಿನ ಹತ್ತಿರ ಹಿಡಿದು, ಆಚೆ ಈಚೆ ಹೊರಳಿಸಿದಳು.

"ಹೊಳೀತೈತಿ," ಅಂದಳು. "ಆದ್ರ ಕಾಣ್ತೈತ್ರಿ. ಇಷ್ಟ ಸಾಕು. ತಂಗೀದು ಹಾಕಿಸಿಬಿಡ್ರಿ."

"ಸಾಕಾಗೂದಿಲ್ಲ. ಇನ್ನೂ ಎರಡ ನೋಡೂದೈತಿ," ಅಂದು ಹಾಳೆಯ ಹಿಂದೆ ಪೆನ್ಸಿಲಿನಿಂದ "ಫೇಲ್" ಎಂದು ಬರೆದೆ.

ಎರಡನೆಯದು ಗೋಕಾಕದ್ದು. ಕಣ್ಣಿನ ತಪಾಸಣೆಗೆ ಹೋದ ದಿನ ಮಾರ್ಕೆಟ್ಟಿನ ದೊಡ್ಡ ಲ್ಯಾಬಿಗೆ ಕೊಟ್ಟೆ. ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದಳು. ಅಲ್ಲಿ ದೊಡ್ಡ ಯಂತ್ರ, ಗಾಜಿನ ಬಾಗಿಲು, ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು. ಮುಂದಿನ ವಾರ ಬನ್ನಿ ಅಂದಳು. ಮುಂದಿನ ವಾರ ಹೋದರೆ ಬಣ್ಣ ನಿಖರವಾಗಿತ್ತು, ಆದರೆ ತಕ್ಕಡಿ ಹಿಡಿದ ಕೈ ಇರಲಿಲ್ಲ.

"ಮೊಬೈಲ್ ಫೋಟೋ ಉದ್ದ ಇರ್ತೈತ್ರಿ ಸರ, ಕಾಗದ ಗಿಡ್ಡ. ಮಷೀನ್ ಎರಡೂ ಬಾಜೂ ಕತ್ತರಸ್ತೈತಿ," ಅಂದಳು. "ಬಿಳೀ ಅಂಚ ಬಿಟ್ಟು ಹಾಕ್ರಿ ಅಂದ್ರ ಹಂಗ ಹಾಕ್ತೇವ್ರಿ."

ಅಂಚು ಬಿಟ್ಟು ಹಾಕಿಸಿದ್ದರೆ ಆಗುತ್ತಿತ್ತು. ಆದರೆ ಮೂರನೆಯದು ಬಾಕಿ ಇತ್ತು.

ಮೂರನೆಯದು ಹುಕ್ಕೇರಿ, ಹೆಂಡತಿಯ ತವರೂರು. ಸೋಮವಾರ ಎರಡು ಬಸ್ ಬದಲಿಸಿ ಹೋದೆ. ಅಲ್ಲಿಯ ಸ್ಟುಡಿಯೋದ ಮುದುಕ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ ಕಾಲದವನು. ಅವಳ ತಂಗಿಯ ಮದುವೆಯ ಫೋಟೋ ತೆಗೆದದ್ದೂ ಅವನೇ, ಆ ಆಲ್ಬಮ್ ಗೆದ್ದಲು ಹಿಡಿದು ಹೋಗಿತ್ತು. ಹೊಳಪಿಲ್ಲದ ಕಾಗದ ಇದೆಯೇ ಎಂದು ಕೇಳಿದೆ.

"ಮ್ಯಾಟ್ ಕಾಗದ ತೀರೈತ್ರಿ. ಬೆಳಗಾವಿಯಿಂದ ಬರಬೇಕು. ಬರೂ ಸೋಮವಾರ ಬರ್ರಿ," ಅಂದ. ಹಿಂದಿನ ಸಲ ಬಂದ ಕಾಗದದ್ದು ಒಂದು ತುಂಡೂ ಇರಲಿಲ್ಲ.

ಮುಂದಿನ ಸೋಮವಾರ ಹಬ್ಬ ಬಂದು ಅಂಗಡಿ ಮುಚ್ಚಿತ್ತು. ಅದರ ಮುಂದಿನ ಸೋಮವಾರ ಮೂರನೆಯ ಬದನೆಕಾಯಿ ನನ್ನ ಕೈ ಸೇರಿತು.

ಮರುದಿನ ಮುಂಜಾನೆ ಒಂಬತ್ತಕ್ಕೆ, ಬಿಸಿಲು ನೇರ ಬೀಳದ ಉತ್ತರದ ಕಿಟಕಿಯ ಮುಂದೆ ಮೂರು ಹಾಳೆಯನ್ನೂ ಜೋಡಿಸಿದೆ. ಹೆಂಡತಿಯನ್ನು ಕುರ್ಚಿಯ ಮೇಲೆ ಕೂಡಿಸಿ ಒಂದೊಂದಾಗಿ ಕೈಗೆ ಕೊಟ್ಟೆ. ಅವಳು ಪರೀಕ್ಷೆಗೆ ಕೂತ ಹುಡುಗಿಯಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದಳು. ಹುಕ್ಕೇರಿಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

"ಇದು ಚುಚ್ಚೂದಿಲ್ರಿ. ಬದನಿಕಾಯಿ ತೊಟ್ಟಿನ ಮುಳ್ಳ ಸುದ್ದಾ ಕಾಣ್ತಾವ."

"ಖರೆ?"

"ಖರೇನ. ಈ ಕಡೇದಕ್ಕ ಒಂದ ಹುಳಾ ತೂತ ಮಾಡೈತಿ ನೋಡ್ರಿ."

ನೋಡಿದೆ. ನಿಜವಾಗಿಯೂ ತೂತಿತ್ತು. ನನಗೆ ಬಹಳ ಸಂತೋಷವಾಯಿತು. ಹಿಂದೆ "ಪಾಸ್" ಎಂದು ಬರೆದು ತಾರೀಖು ಹಾಕಿದೆ.

"ಹಂಗಾರ ನಾಳೆ ಹೋಗಿ ತಂಗೀದು ಹಾಕಿಸಿಕೊಂಡ ಬರ್ತೀರೇನ್ರಿ?" ಎಂದು ಕೇಳಿದಳು.

"ಸೋಮವಾರ ಹೋಗ್ತೇನಿ."

"ನಾಳೆ ಏನ ಕೆಲಸ ಐತ್ರಿ ನಿಮಗ?"

ಕೆಲಸ ಏನೂ ಇರಲಿಲ್ಲ. ನಾಳೆ ಬುಧವಾರ, ಅಷ್ಟೇ. ಸೊಸೆ ಬಾಗಿಲಲ್ಲಿ ನಿಂತು, ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಮುದುಕ ಇವತ್ತೇ ತೆಗೆದಿಡುತ್ತಾನೆ, ಯಾರಾದರೂ ತರುತ್ತಾರೆ ಅಂದಳು. ವಾಟ್ಸಾಪಿನಲ್ಲಿ ಕಳಿಸಿದರೆ ಚಿತ್ರ ಇನ್ನಷ್ಟು ಮಸುಕಾಗುತ್ತದೆ, ನಾನೇ ಒಯ್ಯುತ್ತೇನೆ ಅಂದೆ. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಸುಕಾಗುತ್ತದೆ.

ಭಾನುವಾರ ಮುಂಜಾನೆ ಪೂಜೆ ಮುಗಿಸಿ ಎದ್ದಾಗ ಹೆಂಡತಿ ಹಾಸಿಗೆಯ ಮೇಲೆ ಕೂತಿದ್ದಳು.

"ಇವತ್ತ ಮೋಡ ಕವದೈತೇನ್ರಿ?"

ಅವಳ ಮಡಿಲಲ್ಲಿ ಬಿಸಿಲು ಬಿದ್ದಿತ್ತು.

ಕಣ್ಣಿನೊಳಗೆ ರಕ್ತ ಹರಿದಿತ್ತು. ಅಂದೇ ಗೋಕಾಕಕ್ಕೆ ಒಯ್ದೆವು. ಡಾಕ್ಟರು ಬೆಳಗಾವಿಗೆ ಕಳಿಸಿದರು. ಅಲ್ಲಿಂದ ಎರಡು ವಾರದ ಮೇಲೆ ಹೊಳ್ಳಿ ಬಂದೆವು. ರಕ್ತ ಕರಗಿ ಕಣ್ಣು ತಿಳಿಯಾದರೂ ಆಗಬಹುದು ಅಂದಿದ್ದರು. ಆಗಲಿಲ್ಲ. ಈಗ ಅವಳಿಗೆ ಬಾಗಿಲು ಯಾವ ಕಡೆ, ಕಿಟಕಿ ಯಾವ ಕಡೆ ಎಂಬಷ್ಟು ಬೆಳಕು ತಿಳಿಯುತ್ತದೆ.

ಒಂದು ದಿನ ಸೊಸೆ ಅವಳಿಗೆ ತಲೆ ಬಾಚುತ್ತ, ಕಣ್ಣ ಮುಂದೆ ಏನು ಕಾಣುತ್ತದೆ ಎಂದು ಕೇಳಿದಳು. "ಬದನಿಕಾಯಿ," ಅಂದಳು ಇವಳು. ಇಬ್ಬರೂ ನಕ್ಕರು. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಅದೇ ಸಾಲನ್ನು ಮತ್ತೆ ಮತ್ತೆ ಓದಿದೆ.

ಆಮೇಲೆ ನಾನು ಹುಕ್ಕೇರಿಗೆ ಹೋದೆ. ಅದು ಸೋಮವಾರವೋ ಅಲ್ಲವೋ ನೋಡಲಿಲ್ಲ. ಮುದುಕ ಧುಪದಾಳದ ಫೋಟೋವನ್ನು ಹೊಳಪಿಲ್ಲದ ಕಾಗದದ ಮೇಲೆ, ಅಂಚು ಕತ್ತರಿಸದೆ, ಬಣ್ಣ ಬದಲಿಸದೆ ಹಾಕಿಕೊಟ್ಟ. "ಅಕ್ಕಾರಿಗೆ ಛಲೋ ಕಾಣ್ತೈತ್ರಿ ಇದು," ಅಂದ. ಹೌದು ಅಂದು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದು ಅವಳ ಕೈಗೆ ಕೊಟ್ಟಾಗ ಎರಡೂ ಅಂಗೈಯಿಂದ ಹಾಳೆ ಸವರಿದಳು.

"ಮ್ಯಾಲ ಯಾವ ಕಡೇರಿ?"

ತಿರುಗಿಸಿ ಕೊಟ್ಟೆ.

"ಕೈ ಬಾಯಿ ಮ್ಯಾಲ ಐತೇನ್ರಿ?"

"ಐತಿ."

"ನಗತಾಳೇನ್ರಿ?"

ಹಾಳೆಯನ್ನು ಉತ್ತರದ ಕಿಟಕಿಗೆ ಒಯ್ದೆ. ಕನ್ನಡಕ ಒರೆಸಿಕೊಂಡು ನೋಡಿದೆ. ಇಷ್ಟು ದಿನದಲ್ಲಿ ಆ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಕೈ ಬಾಯನ್ನು ಪೂರ್ತಿ ಮುಚ್ಚಿತ್ತು. ಕಣ್ಣು ಕಿರಿದಾಗಿದ್ದವು. ನಗೆಗೋ, ಬಿಸಿಲಿಗೋ, ಒಡ್ಡಿನಿಂದ ಸಿಡಿದ ನೀರಿಗೋ ಹೇಳಲು ಬರುತ್ತಿರಲಿಲ್ಲ. ಕೆಲಸದಲ್ಲಿದ್ದಷ್ಟೂ ವರ್ಷ ಕಂಡದ್ದನ್ನು ಬಿಟ್ಟು ಬೇರೆ ಬರೆದವನಲ್ಲ ನಾನು.

"ಕಣ್ಣ ಸಣ್ಣ ಆಗ್ಯಾವ," ಅಂದೆ. "ಚಿತ್ರ ಅಲಗ್ಯಾಡೈತಿ. ನಗತಾಳೋ ಇಲ್ಲೋ ತಿಳಿಯಾಂಗಿಲ್ಲ."

ಅವಳು ಹಾಳೆಗಾಗಿ ಕೈ ಚಾಚಿದಳು.

"ಬದನಿಕಾಯಿ ಆಗಿದ್ರ ಮುಳ್ಳ ಸುದ್ದಾ ಕಾಣ್ತಿದ್ವು," ಅಂದಳು.

ನಾನು ಸೂಜಿಯಿಂದ ಹಾಳೆಯ ಮೇಲ್ತುದಿಗೆ ಸಣ್ಣ ತೂತು ಮಾಡಿ, ಒಂದು ದಾರ ಪೋಣಿಸಿ, ಗಂಟು ಹಾಕಿ ಅವಳಿಗೆ ಕೊಟ್ಟೆ. ಅವಳು ಹೆಬ್ಬೆರಳಿನಿಂದ ಗಂಟು ಹುಡುಕಿ, ಅದನ್ನು ಮೇಲೆ ಮಾಡಿ, ಹಾಳೆಯನ್ನು ಮುಖದ ಮುಂದೆ ನೆಟ್ಟಗೆ ಹಿಡಿದುಕೊಂಡಳು.