ಬದುವಿನ ತಂಗಡಿ

ನನ್ನ ಮೊದಲ ಮಗು ಬದುಕಿದ್ದು ಒಂಬತ್ತು ದಿನ. ಹೆಸರಿಡುವ ಮೊದಲೇ ಹೋಯಿತು. ಅಷ್ಟು ಸಣ್ಣ ಕೂಸುಗಳಿಗೆ ನಮ್ಮಲ್ಲಿ ಸಮಾಧಿ ಕಟ್ಟುವುದಿಲ್ಲ, ಗುರುತಿಗೆ ಒಂದು ಕಲ್ಲೂ ನೆಡುವುದಿಲ್ಲ. ಸಂಡೂರು ರಸ್ತೆಯ ಪಕ್ಕದ ನಮ್ಮ ಹೊಲದ ಬದುವಿನಲ್ಲಿ, ಒಂದು ತಂಗಡಿ ಗಿಡದ ಬುಡಕ್ಕೆ ನನ್ನ ಗಂಡ ಮಣ್ಣು ಮಾಡಿ ಬಂದರು. ಹೆತ್ತವಳು ಅಲ್ಲಿಗೆ ಹೋಗಬಾರದು, ಆ ಮಾತನ್ನೇ ಎತ್ತಬಾರದು, ಎತ್ತಿದರೆ ಮುಂದಿನ ಕೂಸಿಗೆ ಕೇಡು ಎಂದು ಅತ್ತೆ ಕಟ್ಟಪ್ಪಣೆ ಮಾಡಿದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆದರೂ ಬಾಯಿ ಮುಚ್ಚಿಕೊಂಡೆ. ಮುಂದಿನ ಕೂಸು ಬೇಕಿತ್ತಲ್ಲ.

ಹೋಗುವುದಕ್ಕೆ ನೆಪವಂತೂ ಸಿಕ್ಕಿತು. ದೀಪಾವಳಿಗೆ ಸೆಗಣಿಯ ಪಾಂಡವರನ್ನು ಮಾಡಿ ಬಾಗಿಲಲ್ಲಿ ಇಡುತ್ತೇವಲ್ಲ, ಅವಕ್ಕೆ ಸಿಗಿಸಲು ತಂಗಡಿಯ ಹಳದಿ ಹೂ ಬೇಕು. ನಮ್ಮ ಊರಲ್ಲಿ ತಂಗಡಿಗೇನು ಬರ? ಮಳೆ ಬರಲಿ ಬಿಡಲಿ, ಕಲ್ಲು ನೆಲದಲ್ಲೂ ಅದರ ಪಾಡಿಗೆ ಅದು ಹೂ ಬಿಡುತ್ತದೆ, ದನವೂ ಬಾಯಿ ಹಾಕುವುದಿಲ್ಲ. ಮನೆ ಹಿಂದೆಯೇ ಬೇಕಾದಷ್ಟಿದ್ದರೂ ನಾನು ಬುಟ್ಟಿ ಹಿಡಿದು ಆ ಬದುವಿಗೇ ಹೋಗುತ್ತಿದ್ದೆ. ಸ್ವಲ್ಪ ಹೊತ್ತು ಕೂತು, ಅತ್ತು, ಸೆರಗಿನಲ್ಲಿ ಮುಖ ಒರೆಸಿಕೊಂಡು ಬರುತ್ತಿದ್ದೆ. ಆಮೇಲೆ ಇಬ್ಬರು ಹೆಣ್ಣುಮಕ್ಕಳಾದರು. ಹೋಗುವುದನ್ನು ಮಾತ್ರ ಬಿಡಲಿಲ್ಲ.

ಹನ್ನೆರಡು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಗಣಿಗಾರಿಕೆ ಜೋರಾಗಿ, ಅದಿರು ಲಾರಿಗಳ ಕೆಂಪು ಧೂಳಿಗೆ ನಮ್ಮ ಜೋಳ ಕಾಳು ಕಟ್ಟುವುದನ್ನೇ ಬಿಟ್ಟಿತು. ಅಕ್ಕಪಕ್ಕದವರಂತೆ ನಾವೂ ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟೆವು. ಬದು ಮುಟ್ಟಬೇಡಿ ಎಂದು ಗಂಡ ಹೇಳಿದ್ದರಂತೆ. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನಾನೇ ಹೋಗಿ ಅಲ್ಲಿನ ಸೂಪರ್‌ವೈಸರನಿಗೆ ಗಿಡ ತೋರಿಸಿ, ಇದೊಂದನ್ನು ಕಡಿಸಬೇಡಪ್ಪಾ ಎಂದೆ. ಯಾಕೆಂದು ಕೇಳಿದ. ಹಬ್ಬಕ್ಕೆ ಹೂ ಬೇಕು ಎಂದೆ. ಗಂಡನ ಮುಂದೆಯೇ ಎತ್ತದ ಮಾತನ್ನು ಗುರುತಿಲ್ಲದ ಮನುಷ್ಯನ ಮುಂದೆ ಹೇಗೆ ಹೇಳಲಿ? ನನ್ನ ನಾಲಿಗೆಗೆ ಬೆಂಕಿ ಬೀಳಲಿ, ಅಷ್ಟೇ ಹೇಳಿ ಬಂದೆ.

ಎರಡು ವಾರ ಕಳೆದ ಮೇಲೆ ಮನೆ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಸೂಪರ್‌ವೈಸರ್ ನಗುತ್ತ ಇಳಿದ. ಹಿಂದೆ ಟ್ರೇಲರಿನಲ್ಲಿ ಮಣ್ಣಿನ ಹೆಂಟೆಯ ಸಮೇತ ಆ ತಂಗಡಿ.

"ಅಕ್ಕಾರ, ಲಾರಿ ತಿರುಗಾಕ ಜಾಗ ಸಾಲಲಿಲ್ರಿ, ಬದು ತೆಗೀಲೇಬೇಕಾತು. ನಿಮ್ಮ ಗಿಡ ಮಾತ್ರ ಕಡಿಸಿಲ್ರಿ. ಜೆಸಿಬಿಲೆ ಬೇರು ಸಮೇತ ಎತ್ತಿಸೀನಿ."

ತಾನೇ ಗುಂಡಿ ತೋಡಿ, ನೆಟ್ಟು, ಎರಡು ಕೊಡ ನೀರು ಹಾಕಿದ. ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ಯಾರನ್ನು ಬೈಯಲಿ? ನಾನು ಕೇಳಿದ್ದನ್ನೇ ಆ ಪುಣ್ಯಾತ್ಮ ಮಾಡಿದ್ದ. ಎದ್ದು ಹೋಗಿ ಅವನಿಗೆ ಚಹಾ ಮಾಡಿಕೊಟ್ಟೆ. ಅವನು ಹೋದ ಮೇಲೆ ಗಿಡದ ಹತ್ತಿರ ಬಂದೆ. ಬೇರಿಗೆ ಅಂಟಿದ್ದ ಮಣ್ಣು ಅಂಗಳದಲ್ಲಿ ಉದುರಿತ್ತು. ಅದನ್ನು ಗುಡಿಸಲು ಕೈ ಬರಲಿಲ್ಲ, ಮುಟ್ಟಲೂ ಬರಲಿಲ್ಲ.

ಕಂಪ್ಲಿಯ ರೈಸ್‌ಮಿಲ್ಲಿಗೆ ಹೋಗಿದ್ದ ಗಂಡ ಸಂಜೆ ಮುಂದೆ ಬಂದರು. ಗಿಡ ನೋಡಿದವರೇ ಗಾಡಿ ತಿರುಗಿಸಿ, ಹತ್ತು ಎಂದರು.

ಹೊಲದಲ್ಲಿ ಬದುವಿಲ್ಲ. ಇಡೀ ನೆಲ ಒಂದೇ ಸಮ, ಕೆಂಪು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದೆ.

"ಎಲ್ಲಿ ಇಟ್ಟಿದ್ರಿ? ತೋರಸ್ರಿ."

ಅವರು ರಸ್ತೆಯಿಂದ ಹೆಜ್ಜೆ ಹಾಕುತ್ತ ಬಂದು ಒಂದು ಕಡೆ ನಿಂತರು. ಅಲ್ಲ ಎಂದು ಹಿಂದೆ ಹೋದರು. ಮತ್ತೆ ಬಂದು ಬೇರೆ ಕಡೆ ನಿಂತರು.

"ನಾನೂ ಗಿಡದ ಗುರುತಿನ ಮ್ಯಾಲೇ ಬರ್ತಿದ್ನಲ್ಲ," ಎಂದರು.

ಹಿಂದೆ ಲಾರಿಯವನು ಹಾರ್ನ್ ಹೊಡೆದ. ಸರಿಯಬೇಕೆಂದರೆ ಎಲ್ಲಿ ಕಾಲಿಡುವುದೋ ತಿಳಿಯದೆ ಇಬ್ಬರೂ ಅಲ್ಲೇ ನಿಂತೆವು.